ಆರೋಗ್ಯ ವಿಮೆಯ ಕಣಜಕ್ಕೆ ಬೀಗ ಏಕೆ?

ಬಡವರ ಆಸ್ಪತ್ರೆ ವೆಚ್ಚವನ್ನು ಸರ್ಕಾರವೇ ಭರಿಸುವ ಪ್ರಯೋಗಗಳಲ್ಲಿ ಕರ್ನಾಟಕ ದೇಶಕ್ಕೆ ಮೇಲ್ಪಂಕ್ತಿ ಹಾಕಿದ ರಾಜ್ಯ. 2003ರಲ್ಲಿ ಸಹಕಾರ ಸಂಘಗಳ ಸದಸ್ಯರಾದ ರೈತರಿಗಾಗಿ ಯಶಸ್ವಿನಿ ಆರಂಭವಾಯಿತು. 2010ರಲ್ಲಿ ಆಗಿನ ಗುಲ್ಬರ್ಗಾ ವಿಭಾಗದಿಂದ ಮೊದಲ್ಗೊಂಡು ವಾಜಪೇಯಿ ಆರೋಗ್ಯಶ್ರೀ ಬಂದಿತು. ಈ ನಡುವೆ, 2008ರಲ್ಲಿ ಕೇಂದ್ರ ಸರ್ಕಾರವು ಕುಟುಂಬಕ್ಕೆ ವರ್ಷಕ್ಕೆ 30,000 ರೂಪಾಯಿ ಮಿತಿಯ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯನ್ನು ಜಾರಿಗೆ ತಂದಿತ್ತು. 2018ರಲ್ಲಿ ರಾಜ್ಯದ ಆರೋಗ್ಯ ಕರ್ನಾಟಕವೂ ಕೇಂದ್ರದ ಆಯುಷ್ಮಾನ್ ಭಾರತವೂ ಒಂದಾಗಿ, ಅರ್ಹ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಭರವಸೆ ದೊರೆಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಶೇ 41ರಷ್ಟು ಕುಟುಂಬಗಳಲ್ಲಿ ಕನಿಷ್ಠ ಒಬ್ಬರಾದರೂ ಯಾವುದಾದರೊಂದು ಆರೋಗ್ಯ ವಿಮೆ ಅಥವಾ ಯೋಜನೆಯ ವ್ಯಾಪ್ತಿಯಲ್ಲಿದ್ದರು. ಈ ಪ್ರಮಾಣ ಬೆಳೆಯುವಂತೆ ಮಾಡಿದ್ದು ಬಹುಪಾಲು ತೆರಿಗೆಯ ಹಣ.

ಈ ಹಣ ಖರ್ಚಾಗುವಾಗಲೆಲ್ಲ ಅದರ ಹಿಂದೆ ಒಂದು ದಾಖಲೆ ಹುಟ್ಟಿಕೊಳ್ಳುತ್ತದೆ. ರೋಗಿಯ ವಯಸ್ಸು, ಲಿಂಗ, ಊರು, ಯಾವ ಆಸ್ಪತ್ರೆ, ಯಾವ ಕಾಯಿಲೆ, ಯಾವ ಚಿಕಿತ್ಸೆ, ದಾಖಲಾದ ದಿನ, ಬಿಡುಗಡೆಯಾದ ದಿನ, ಆಸ್ಪತ್ರೆ ಕೇಳಿದ ಮೊತ್ತ, ಸರ್ಕಾರ ಕೊಟ್ಟ ಮೊತ್ತ ಇವೆಲ್ಲವೂ ಒಂದೊಂದು ಕ್ಲೇಮಿನಲ್ಲಿಯೂ ಇರುತ್ತವೆ. ಇಂತಹ ಕ್ಲೇಮುಗಳು ದೇಶದಾದ್ಯಂತ ಕೋಟಿಗಟ್ಟಲೆ ಸಂಗ್ರಹವಾಗಿವೆ. ಈ ದೇಶದ ಬಡವರು ಯಾವ ಕಾಯಿಲೆಗೆ ಎಲ್ಲಿ ಹೋಗಿ ದಾಖಲಾಗುತ್ತಾರೆ ಎಂಬುದರ ಇಷ್ಟು ವಿಸ್ತಾರವಾದ ದಾಖಲೆ ನಮ್ಮ ಬಳಿ ಹಿಂದೆಂದೂ ಇರಲಿಲ್ಲ. ಆದರೆ ಈ ದಾಖಲೆಯನ್ನು ಹಣ ಪಾವತಿಗಾಗಿ ಒಮ್ಮೆ, ಲೆಕ್ಕಪರಿಶೋಧನೆ ನಡೆದರೆ ಮತ್ತೊಮ್ಮೆ ಓದಲಾಗುತ್ತದೆ. ಆ ಬಳಿಕ ಅದು ಕಂಪ್ಯೂಟರಿನ ಕಣಜ ಸೇರುತ್ತದೆ. ಸಾರ್ವಜನಿಕರಿಗೆ ಕಾಣುವುದು ಜಾಲತಾಣದಲ್ಲಿನ ಒಟ್ಟು ಸಂಖ್ಯೆಗಳು ಮಾತ್ರ: ಇಷ್ಟು ಕಾರ್ಡು ವಿತರಿಸಲಾಗಿದೆ, ಇಷ್ಟು ಜನ ಚಿಕಿತ್ಸೆ ಪಡೆದಿದ್ದಾರೆ, ಇಷ್ಟು ಕೋಟಿ ಪಾವತಿಯಾಗಿದೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ, ನಂತರ ಮೂರು ದಶಕಕ್ಕೂ ಹೆಚ್ಚು ಕಾಲ ಸರ್ಕಾರದ ಕಡತಗಳ ನಡುವೆ ಬದುಕಿದವನಾಗಿ ಹೇಳುವುದಾದರೆ, ಒಟ್ಟು ಸಂಖ್ಯೆ ಎಂಬುದು ಯೋಜನೆಯೊಂದರ ಗಾತ್ರವನ್ನಷ್ಟೇ ಹೇಳುತ್ತದೆ. ಅದರ ಗುಣವನ್ನು ತಿಳಿಯಬೇಕಾದರೆ ಬಿಡಿ ದಾಖಲೆಗಳನ್ನು ಜೋಡಿಸಿ ನೋಡಬೇಕು.

ಜೋಡಿಸಿ ನೋಡಿದರೆ ಏನು ತಿಳಿದೀತು? ನಮ್ಮದೇ ರಾಜ್ಯದ ಒಂದು ಪ್ರಶ್ನೆಯನ್ನು ತೆಗೆದುಕೊಳ್ಳೋಣ. ಇಲ್ಲಿನ ಪದ್ಧತಿಯಂತೆ, ತುರ್ತು ಚಿಕಿತ್ಸೆಗಳನ್ನು ಬಿಟ್ಟರೆ, ಅನೇಕ ಚಿಕಿತ್ಸೆಗಳಿಗೆ ರೋಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಸೌಲಭ್ಯವಿಲ್ಲವೆಂದಾದರೆ ಮಾತ್ರ ಶಿಫಾರಸು ಪತ್ರ ಪಡೆದು ಖಾಸಗಿ ಆಸ್ಪತ್ರೆಗೆ ಹೋಗಬೇಕು. ಸರ್ಕಾರಿ ಆಸ್ಪತ್ರೆಗಳು ಬಲಗೊಳ್ಳಬೇಕೆಂಬ ಈ ನಿಯಮದ ಆಶಯ ಸರಿಯಾದುದೇ. ಆದರೆ ಶಿಫಾರಸು ಪತ್ರ ಪಡೆದ ದಿನದಿಂದ ಶಸ್ತ್ರಚಿಕಿತ್ಸೆಯ ದಿನದವರೆಗೆ ರಾಯಚೂರಿನ ಹೃದ್ರೋಗಿಗೆ ಎಷ್ಟು ದಿನ ಹಿಡಿಯುತ್ತದೆ, ಬೆಂಗಳೂರು ಗ್ರಾಮಾಂತರದ ಹೃದ್ರೋಗಿಗೆ ಎಷ್ಟು ದಿನ ಹಿಡಿಯುತ್ತದೆ? ಪತ್ರ ಪಡೆದೂ ಯಾವ ಆಸ್ಪತ್ರೆಗೂ ಸೇರದೆ ಉಳಿದವರು ಎಷ್ಟು ಮಂದಿ? ಈ ಪ್ರಶ್ನೆಗಳಿಗೆ ಉತ್ತರ ದಿನಾಂಕಗಳ ರೂಪದಲ್ಲಿ ಸರ್ಕಾರದ ಬಳಿಯೇ ಬಿದ್ದಿರುತ್ತದೆ. ಅದನ್ನು ಕೂಡಿಸಿ ಕಳೆದು ನೋಡುವ ಕೈಗಳು ಬೇಕು.

ಇನ್ನೊಂದು ಪ್ರಶ್ನೆ ಹೆಚ್ಚು ಗಂಭೀರವಾದುದು. ವಿಮೆಯ ಹಣಕ್ಕಾಗಿ ಬಡ ಹೆಣ್ಣುಮಕ್ಕಳ ಗರ್ಭಕೋಶವನ್ನು ಅನಗತ್ಯವಾಗಿ ತೆಗೆಯಲಾಗುತ್ತಿದೆ ಎಂಬ ದೂರು ಬಿಹಾರ, ಛತ್ತೀಸಗಢ, ರಾಜಸ್ಥಾನಗಳಿಂದ ಕೇಳಿಬಂದು, ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2023ರಲ್ಲಿ ನ್ಯಾಯಾಲಯವು ಇದನ್ನು ತಡೆಯಲು ಕೇಂದ್ರ ರೂಪಿಸಿದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳುವಂತೆ ರಾಜ್ಯಗಳಿಗೆ ಆದೇಶಿಸಿತು. ನಮ್ಮ ಕಲಬುರಗಿ ಜಿಲ್ಲೆಯ ತಾಂಡಾಗಳಿಂದಲೂ ಇಂತಹ ದೂರುಗಳು ಬಂದಿದ್ದನ್ನು ಓದುಗರು ಮರೆತಿರಲಾರರು. ಇಂತಹ ಅಕ್ರಮ ಬೆಳಕಿಗೆ ಬಂದದ್ದು ಕಾರ್ಯಕರ್ತರು ಮನೆಮನೆಗೆ ಹೋಗಿ ಹೆಣ್ಣುಮಕ್ಕಳನ್ನು ಮಾತನಾಡಿಸಿದ್ದರಿಂದ. ಆದರೆ ವಿಮಾ ಯೋಜನೆಯ ಹಣದಲ್ಲಿ ನಡೆದ ಶಸ್ತ್ರಚಿಕಿತ್ಸೆಯಾದರೆ, ಮೂವತ್ತೈದು ದಾಟದ ಹೆಂಗಸರಿಗೆ ಯಾವ ಆಸ್ಪತ್ರೆಯಲ್ಲಿ ಎಷ್ಟು ಬಾರಿ ಅದು ನಡೆದಿದೆ ಎಂಬುದು ಕ್ಲೇಮಿನ ದಾಖಲೆಯಲ್ಲಿ ಮೊದಲೇ ಇರುತ್ತದೆ. ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರವೇ ಆಯುಷ್ಮಾನ್ ಭಾರತದ ಆರಂಭದ ಕ್ಲೇಮುಗಳನ್ನು ಅಧ್ಯಯನ ಮಾಡಿ, ಈ ಶಸ್ತ್ರಚಿಕಿತ್ಸೆಯ ಬಹುಪಾಲು ಕ್ಲೇಮುಗಳು ಕೆಲವೇ ರಾಜ್ಯಗಳಿಂದ ಬಂದಿವೆ ಎಂದು ಒಂದು ಕಿರುವರದಿಯಲ್ಲಿ ತಿಳಿಸಿತ್ತು. ಒಳಗಿನವರು ಮಾಡಿದ ಈ ಕೆಲಸವನ್ನು ಹೊರಗಿನ ಹತ್ತು ವಿಶ್ವವಿದ್ಯಾಲಯಗಳು ಮುಂದುವರಿಸಲು ಸಾಧ್ಯವಾಗಿದ್ದರೆ, ಎಷ್ಟೋ ಹೆಣ್ಣುಮಕ್ಕಳ ಪಾಲಿಗೆ ಎಚ್ಚರಿಕೆಯ ಗಂಟೆ ಮೊದಲೇ ಬಾರಿಸುತ್ತಿತ್ತು.

ಸಂಶೋಧನೆ ಎಂದರೆ ಸರ್ಕಾರದ ತಪ್ಪು ಹುಡುಕುವುದು ಎಂಬ ಅಳುಕು ಅಧಿಕಾರಿ ವಲಯದಲ್ಲಿದೆ. ವಾಸ್ತವ ಹಾಗಿಲ್ಲ. ವಾಜಪೇಯಿ ಆರೋಗ್ಯಶ್ರೀ ಮೊದಲು ರಾಜ್ಯದ ಉತ್ತರ ಭಾಗದಲ್ಲಿ ಜಾರಿಯಾಗಿ ದಕ್ಷಿಣಕ್ಕೆ ತಡವಾಗಿ ಬಂದಿತಷ್ಟೆ. ಈ ಅಂತರವನ್ನೇ ಬಳಸಿಕೊಂಡು ನೀರಜ್ ಸೂದ್ ಮತ್ತು ಸಂಗಡಿಗರು ಗಡಿಯ ಎರಡೂ ಬದಿಯ 572 ಹಳ್ಳಿಗಳಲ್ಲಿ ಸುಮಾರು 60,000 ಕುಟುಂಬಗಳ ಸಮೀಕ್ಷೆ ನಡೆಸಿದರು. 2014ರಲ್ಲಿ ಬ್ರಿಟನ್ನಿನ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ, ಯೋಜನೆ ಇದ್ದ ಹಳ್ಳಿಗಳ ಬಡ ಕುಟುಂಬಗಳಲ್ಲಿ ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದಾದ ಸಾವಿನ ಪ್ರಮಾಣ ಶೇ 0.32, ಯೋಜನೆ ಇಲ್ಲದ ಹಳ್ಳಿಗಳಲ್ಲಿ ಶೇ 0.90. ಆಸ್ಪತ್ರೆಗೆಂದು ಜನ ಕೈಯಿಂದ ಹಾಕುವ ಹಣವೂ ಮೂರನೇ ಒಂದು ಭಾಗದಷ್ಟು ಇಳಿದಿತ್ತು. ಕರ್ನಾಟಕ ಸರ್ಕಾರಕ್ಕೆ ಇದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ಬೇಕೆ? ಸ್ವತಂತ್ರ ಸಂಶೋಧಕರು ಕೊಟ್ಟದ್ದರಿಂದಲೇ ಜಗತ್ತು ಅದನ್ನು ನಂಬಿತು. ಸರ್ಕಾರದ ಜಾಹೀರಾತಿನಲ್ಲಿ ಇದೇ ಅಂಕಿಗಳು ಬಂದಿದ್ದರೆ ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯೂ ಇದೆ. ಮಹಾಲೇಖಪಾಲರು ಆಯುಷ್ಮಾನ್ ಭಾರತದ ದಾಖಲೆಗಳನ್ನು ಪರಿಶೀಲಿಸಿ 2023ರ ಆಗಸ್ಟಿನಲ್ಲಿ ಸಂಸತ್ತಿಗೆ ಸಲ್ಲಿಸಿದ ವರದಿಯಲ್ಲಿ, ಸುಮಾರು 7.5 ಲಕ್ಷ ಫಲಾನುಭವಿಗಳ ಹೆಸರಿಗೆ 9999999999 ಎಂಬ ಒಂದೇ ಮೊಬೈಲ್ ಸಂಖ್ಯೆ ನಮೂದಾಗಿದ್ದುದು ಬಯಲಾಯಿತು. ಮೃತಪಟ್ಟರೆಂದು ದಾಖಲಾದ ಕೆಲವು ರೋಗಿಗಳ ಹೆಸರಿನಲ್ಲಿ ಮುಂದೆಯೂ ಚಿಕಿತ್ಸೆ ನಡೆದಂತೆ ಕ್ಲೇಮುಗಳಿದ್ದವು. ಅರ್ಹತೆಯ ಪರಿಶೀಲನೆಯಲ್ಲಿ ಮೊಬೈಲ್ ಸಂಖ್ಯೆಗೆ ಪಾತ್ರವಿಲ್ಲ ಎಂದು ಸರ್ಕಾರ ಸ್ಪಷ್ಟನೆ ನೀಡಿತು. ಆ ಸ್ಪಷ್ಟನೆಯನ್ನು ಒಪ್ಪೋಣ. ಆದರೂ ಯೋಜನೆ ಆರಂಭವಾಗಿ ಐದು ವರ್ಷ ಸಮೀಪಿಸುವ ತನಕ ಇಂತಹ ದೋಷಗಳು ಸಾರ್ವಜನಿಕರ ಗಮನಕ್ಕೆ ಬರಲಿಲ್ಲವೆಂಬುದು ಗಮನಾರ್ಹ. ಮಹಾಲೇಖಪಾಲರು ಹಲವು ವರ್ಷಗಳಿಗೊಮ್ಮೆ ಬರುತ್ತಾರೆ. ಸಂಶೋಧಕರು ದಿನವೂ ಇದೇ ಕೆಲಸದಲ್ಲಿರುತ್ತಾರೆ. ನಮೂನೆಯ ಕಡತವೊಂದು ಅವರ ಕೈಗೆ ಸಿಕ್ಕಿದ್ದರೆ ಇಂತಹ ತಪ್ಪುಗಳು ಮೊದಲ ವಾರದಲ್ಲಿಯೇ ಕಣ್ಣಿಗೆ ಬೀಳುತ್ತಿದ್ದವು.

ಹಾಗಾದರೆ ಸಂಶೋಧಕರು ಕೇಳಿದರೆ ಏನಾಗುತ್ತದೆ? ನಿವೃತ್ತಿಯ ನಂತರ ನಾನು ಕೆಲವು ಯುವ ಸಂಶೋಧಕರ ಅರ್ಜಿಗಳನ್ನು ತಿದ್ದಿಕೊಡುವ ಕೆಲಸ ಮಾಡುತ್ತಾ ಬಂದಿದ್ದೇನೆ. ಅವರಲ್ಲಿ ಒಬ್ಬಾಕೆ ಕಾಲೇಜು ಅಧ್ಯಾಪಕಿ. ಡಯಾಲಿಸಿಸ್ ರೋಗಿಗಳು ಚಿಕಿತ್ಸೆಗಾಗಿ ಎಷ್ಟು ದೂರ ಪ್ರಯಾಣಿಸುತ್ತಾರೆ ಎಂಬುದು ಆಕೆಯ ಪಿಎಚ್.ಡಿ. ವಿಷಯ. ಒಂದು ರಾಜ್ಯದ ಯೋಜನಾ ಕಚೇರಿಗೆ ಆಕೆ ಪತ್ರ ಬರೆದರು. ಅದು ಯಾವ ರಾಜ್ಯ, ಯಾವ ಕಚೇರಿ ಎಂಬುದು ಇಲ್ಲಿ ಮುಖ್ಯವಲ್ಲ. ಹೆಸರು, ಕಾರ್ಡಿನ ಸಂಖ್ಯೆ ಬೇಡ, ತಾಲ್ಲೂಕು, ಆಸ್ಪತ್ರೆ ಮತ್ತು ತಿಂಗಳು ಸಾಕು ಎಂದು ಸ್ಪಷ್ಟವಾಗಿ ನಮೂದಿಸಿದ್ದರು. ಎರಡು ತಿಂಗಳು ಉತ್ತರವಿಲ್ಲ. ಖುದ್ದಾಗಿ ಹೋದಾಗ ಮಾಹಿತಿ ಸಾಫ್ಟ್‌ವೇರ್ ಕಂಪನಿಯ ಬಳಿ ಇದೆ ಎಂದರು. ಕಂಪನಿಯವರು ಸರ್ಕಾರದ ಪತ್ರ ತನ್ನಿ ಎಂದರು. ಪತ್ರ ಕೊಡಬೇಕಾದ ಅಧಿಕಾರಿ ವಿಶ್ವವಿದ್ಯಾಲಯದೊಂದಿಗೆ ಒಡಂಬಡಿಕೆಯಾಗಲಿ ಎಂದರು. ಒಡಂಬಡಿಕೆಯ ಕರಡು ಸಿದ್ಧವಾಗುವಷ್ಟರಲ್ಲಿ ಆ ಅಧಿಕಾರಿಗೆ ವರ್ಗವಾಯಿತು. ಹೊಸಬರು ಕಡತವನ್ನು ಕಾನೂನು ಅಭಿಪ್ರಾಯಕ್ಕೆ ಕಳುಹಿಸಿದರು. ಕೊನೆಗೆ ಆಕೆಗೆ ಸಿಕ್ಕಿದ್ದು ಜಿಲ್ಲಾವಾರು ಒಟ್ಟು ಸಂಖ್ಯೆಗಳ ಮುದ್ರಿತ ಪಟ್ಟಿ. ಶಿಷ್ಯವೇತನದ ಅವಧಿ ಮುಗಿಯುತ್ತಾ ಬಂದಿದ್ದರಿಂದ ಆಕೆ ವಿಷಯವನ್ನೇ ಬದಲಿಸಿಕೊಂಡರು. ವಾರಕ್ಕೆ ಎರಡು, ಮೂರು ಬಾರಿ ಬಸ್ಸು ಹತ್ತಿ ಡಯಾಲಿಸಿಸ್‌ಗೆ ಹೋಗುವ ಕೂಲಿಕಾರ್ಮಿಕನಿಗೆ ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ಯಂತ್ರ ದೊರೆಯಬೇಕೇ ಬೇಡವೇ ಎಂಬ ವಾದಕ್ಕೆ ಬೇಕಾಗಿದ್ದ ಆಧಾರ ಹೀಗೆ ಹುಟ್ಟುವ ಮೊದಲೇ ಇಲ್ಲವಾಯಿತು.

ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ಇಲ್ಲಿ ಯಾರಾದರೂ ನೆನಪಿಸಿಕೊಂಡರೆ ಆಶ್ಚರ್ಯವಿಲ್ಲ. ಆದರೆ ಪೂಜಾರಿಯ ಸ್ಥಾನದಲ್ಲಿ ಕುಳಿತು ಬಂದವನಾಗಿ ನಾನು ಒಂದು ಮಾತು ಸೇರಿಸಬೇಕು. ಆ ಕಚೇರಿಯಲ್ಲಿ ಯಾರೂ ಕೆಟ್ಟವರಾಗಿರಲಿಲ್ಲ. ಮಾಹಿತಿ ಕೊಟ್ಟು ಅದು ಎಲ್ಲಿಯಾದರೂ ಸೋರಿಕೆಯಾದರೆ ಸಹಿ ಹಾಕಿದ ಅಧಿಕಾರಿ ವಿಚಾರಣೆ ಎದುರಿಸಬೇಕು. ಕೊಡದಿದ್ದರೆ ಯಾವ ವಿಚಾರಣೆಯೂ ಇಲ್ಲ. ಯಾವ ಕ್ರಮದಲ್ಲಿ ಕೊಡಬೇಕು, ಯಾರಿಗೆ ಕೊಡಬಹುದು, ಯಾವ ಕಲಂಗಳನ್ನು ತೆಗೆಯಬೇಕು ಎಂಬ ಲಿಖಿತ ನಿಯಮವಿಲ್ಲದಿರುವಾಗ, ವಿವೇಕಿಯಾದ ಅಧಿಕಾರಿ ‘ಪರಿಶೀಲಿಸಿ ಮಂಡಿಸಿ’ ಎಂದು ಬರೆದು ಕಡತವನ್ನು ಕೆಳಕ್ಕೆ ಕಳುಹಿಸುತ್ತಾನೆ. ಆದ್ದರಿಂದ ದೋಷ ವ್ಯಕ್ತಿಗಳದ್ದಕ್ಕಿಂತ ವ್ಯವಸ್ಥೆಯದ್ದು; ಪರಿಹಾರವೂ ನಿಯಮದ ರೂಪದಲ್ಲಿಯೇ ಬರಬೇಕು.

ಮಾಹಿತಿ ಹಕ್ಕು ಕಾಯ್ದೆ ಇದೆಯಲ್ಲ ಎಂದು ಓದುಗರು ಕೇಳಬಹುದು. 2005ರ ಆ ಕಾಯ್ದೆ ವಿದ್ಯುನ್ಮಾನ ರೂಪದಲ್ಲಿರುವ ಮಾಹಿತಿಯನ್ನು ಅದೇ ರೂಪದಲ್ಲಿ ಪಡೆಯುವ ಹಕ್ಕನ್ನು ಕೊಟ್ಟಿದೆ. ಕೊಡಬಾರದ ಭಾಗವನ್ನು ಬೇರ್ಪಡಿಸಿ ಉಳಿದುದನ್ನು ಕೊಡಬಹುದೆಂದು ಅದರ 10ನೇ ಸೆಕ್ಷನ್ ಹೇಳುತ್ತದೆ. ಆದರೆ ಸಂಶೋಧನೆಯ ದಾರಿ ಅಲ್ಲಿಯೂ ಸುಗಮವಲ್ಲ. ಇಲ್ಲದ ಮಾಹಿತಿಯನ್ನು ಕ್ರೋಡೀಕರಿಸಿ ಹೊಸದಾಗಿ ಸೃಷ್ಟಿಸಿಕೊಡುವ ಹೊಣೆ ಪ್ರಾಧಿಕಾರಕ್ಕಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲಿ ಸ್ಪಷ್ಟಪಡಿಸಿತು. ಹೀಗಾಗಿ ‘ತಾಲ್ಲೂಕುವಾರು ಪಟ್ಟಿ ಮಾಡಿಕೊಡಿ’ ಎಂದರೆ ಪಟ್ಟಿ ಲಭ್ಯವಿಲ್ಲ ಎಂಬ ಉತ್ತರ ಬರುತ್ತದೆ. ‘ಮೂಲ ದಾಖಲೆಯನ್ನೇ ಕೊಡಿ’ ಎಂದರೆ ಅದು ವೈಯಕ್ತಿಕ ಮಾಹಿತಿ ಎಂಬ ಉತ್ತರ ಬರುತ್ತದೆ. ನಮ್ಮ ರಾಜ್ಯದಲ್ಲಂತೂ 2008ರಲ್ಲಿ ತಿದ್ದುಪಡಿಯಾದ ನಿಯಮಗಳಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳನ್ನು ಮೀರದಂತಿರಬೇಕು. ಹದಿನೈದು ಕಲಂಗಳ ದತ್ತಾಂಶವನ್ನು, ಬಿಡಬೇಕಾದ ವಿವರಗಳ ಸಮೇತ, 150 ಪದಗಳಲ್ಲಿ ವಿವರಿಸುವುದು ಕವಿಗಳಿಗೆ ಸಾಧ್ಯವಾದೀತೇ ಹೊರತು ಸಂಖ್ಯಾಶಾಸ್ತ್ರಜ್ಞರಿಗಲ್ಲ.

ಈಗ ಮತ್ತೊಂದು ತೊಡಕು ಸೇರಿಕೊಂಡಿದೆ. ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಸೆಕ್ಷನ್ ಮೊದಲು ವೈಯಕ್ತಿಕ ಮಾಹಿತಿಯನ್ನು ಷರತ್ತಿನ ಮೇಲೆ ಮಾತ್ರ ತಡೆಹಿಡಿಯುತ್ತಿತ್ತು. ಹೆಚ್ಚಿನ ಸಾರ್ವಜನಿಕ ಹಿತಾಸಕ್ತಿ ಇದ್ದರೆ ಕೊಡಲು ಆ ಸೆಕ್ಷನ್ನಿನಲ್ಲಿಯೇ ಅವಕಾಶವಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಆ ಷರತ್ತುಗಳನ್ನು ತೆಗೆದುಹಾಕಿತು. ಈ ಬದಲಾವಣೆ 2025ರ ನವೆಂಬರಿನಲ್ಲಿ ಜಾರಿಗೆ ಬಂದಿತು. ಅದೇ ಕಾಯ್ದೆಯ 17ನೇ ಸೆಕ್ಷನ್ ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರೀಯ ಉದ್ದೇಶಗಳಿಗೆ, ವ್ಯಕ್ತಿವಿಶೇಷದ ಬಗ್ಗೆ ಯಾವ ತೀರ್ಮಾನವನ್ನೂ ಕೈಗೊಳ್ಳದಿದ್ದರೆ ಮತ್ತು ನಿಗದಿತ ಮಾನದಂಡಗಳನ್ನು ಪಾಲಿಸಿದರೆ, ವಿನಾಯಿತಿ ನೀಡುತ್ತದೆ. ಆದರೆ ಆ ಸೆಕ್ಷನ್ ಜಾರಿಗೆ ಬರಲು ಗೊತ್ತುಪಡಿಸಿದ್ದು ಆಗಿನಿಂದ 18 ತಿಂಗಳ ಅವಧಿ. ಬಾಗಿಲು ಮುಚ್ಚುವ ಸೆಕ್ಷನ್ ಕೂಡಲೇ, ಕಿಟಕಿ ತೆರೆಯುವ ಸೆಕ್ಷನ್ ಆಮೇಲೆ. ಇಷ್ಟಾದರೂ ಒಂದು ಅಂಶವನ್ನು ಅಧಿಕಾರಿಗಳು ಗಮನಿಸಬೇಕು. ಕಾಯ್ದೆಯ ವ್ಯಾಖ್ಯೆಯಂತೆ, ಯಾರದೆಂದು ಗುರುತಿಸಬಹುದಾದ ದತ್ತಾಂಶ ಮಾತ್ರ ವೈಯಕ್ತಿಕವಾದುದು. ಗುರುತನ್ನು ಸರಿಯಾಗಿ ಅಳಿಸಿದ ದಾಖಲೆಗೆ ಈ ತಡೆ ಅನ್ವಯಿಸುವುದಿಲ್ಲ. ಮಾಹಿತಿ ಹಕ್ಕು ಕಾಯ್ದೆಯ 8(2)ನೇ ಸೆಕ್ಷನ್ನಿನಲ್ಲಿರುವ ಸಾರ್ವಜನಿಕ ಹಿತಾಸಕ್ತಿಯ ಅವಕಾಶವೂ ಹಾಗೆಯೇ ಉಳಿದಿದೆ.

‘ಸರಿಯಾಗಿ ಅಳಿಸಿದ’ ಎಂಬ ಮಾತಿನಲ್ಲಿಯೇ ಸಮಸ್ಯೆಯ ತಿರುಳಿದೆ. ಹೆಸರು ತೆಗೆದರೆ ಗುರುತು ಹೋಯಿತೆಂದು ನಂಬುವುದು ಅಪಾಯ. 1990ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯವು ತನ್ನ ನೌಕರರ ಆರೋಗ್ಯ ವಿಮೆಯ ದಾಖಲೆಗಳನ್ನು ಹೆಸರು ತೆಗೆದು ಸಂಶೋಧಕರಿಗೆ ಕೊಟ್ಟಿತು. ಆಗ ವಿದ್ಯಾರ್ಥಿನಿಯಾಗಿದ್ದ ಲಟಾನ್ಯಾ ಸ್ವೀನಿ 20 ಡಾಲರ್ ತೆತ್ತು ಕೇಂಬ್ರಿಜ್ ಪಟ್ಟಣದ ಮತದಾರರ ಪಟ್ಟಿಯನ್ನು ಕೊಂಡು, ಜನ್ಮದಿನಾಂಕ, ಲಿಂಗ ಮತ್ತು ಅಂಚೆ ಸಂಖ್ಯೆಗಳನ್ನು ಹೋಲಿಸಿ, ಸ್ವತಃ ಆ ರಾಜ್ಯದ ಗವರ್ನರ್ ವಿಲಿಯಂ ವೆಲ್ಡ್ ಅವರ ವೈದ್ಯಕೀಯ ದಾಖಲೆಯನ್ನೇ ಪತ್ತೆ ಹಚ್ಚಿದರು. ನಮ್ಮಲ್ಲಿಯೂ ಒಂದು ಹೋಬಳಿಯಲ್ಲಿ ಇಂತಹ ತಿಂಗಳು ಮೂತ್ರಪಿಂಡ ಕಸಿ ಮಾಡಿಸಿಕೊಂಡ ನಲವತ್ತು ವರ್ಷದ ಹೆಂಗಸು ಎಂದರೆ ಊರಿಗೆ ಊರೇ ಬೆರಳು ಮಾಡಿ ತೋರಿಸುತ್ತದೆ. ಎಚ್‌ಐವಿ, ಮಾನಸಿಕ ಕಾಯಿಲೆ, ಗರ್ಭಪಾತಗಳ ವಿಷಯದಲ್ಲಿ ಇಂತಹ ಸೋರಿಕೆ ಒಬ್ಬರ ಮದುವೆಯನ್ನೋ ನೌಕರಿಯನ್ನೋ ಬಲಿ ತೆಗೆದುಕೊಳ್ಳಬಲ್ಲದು. ಬಡವರು ಉಚಿತ ಚಿಕಿತ್ಸೆ ಪಡೆದರೆಂಬ ಕಾರಣಕ್ಕೆ ಅವರ ಮಾನವನ್ನು ಒತ್ತೆ ಇಡುವ ಅಧಿಕಾರ ಯಾರಿಗೂ ಇಲ್ಲ. 2017ರಲ್ಲಿ ಸುಪ್ರೀಂ ಕೋರ್ಟು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ಮೇಲಂತೂ ಈ ಪ್ರಶ್ನೆಗೆ ಚರ್ಚೆಯೇ ಇಲ್ಲ.

ಅಂತೆಯೇ, ಸಂಶೋಧನೆಗೂ ವ್ಯಾಪಾರಕ್ಕೂ ನಡುವೆ ಗೆರೆ ಎಳೆಯಬೇಕು. ಕೇಂದ್ರ ಸಾರಿಗೆ ಸಚಿವಾಲಯವು 2019ರಲ್ಲಿ ವಾಹನ ಮತ್ತು ಚಾಲನಾ ಪರವಾನಗಿಗಳ ದತ್ತಾಂಶವನ್ನು ಸಗಟಾಗಿ ಕಂಪನಿಗಳಿಗೆ 3 ಕೋಟಿ ರೂಪಾಯಿಗೆ ಮಾರುವ ನೀತಿ ತಂದು, ಖಾಸಗಿತನದ ಆಕ್ಷೇಪಗಳ ನಡುವೆ 2020ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಆರೋಗ್ಯದ ದಾಖಲೆಗಳು ಆ ಹಾದಿ ಹಿಡಿಯಬಾರದು. ಔಷಧ ಕಂಪನಿಗಳೂ ಖಾಸಗಿ ವಿಮಾ ಕಂಪನಿಗಳೂ ಬಡವರ ಕಾಯಿಲೆಗಳ ಲೆಕ್ಕವನ್ನು ಹಣ ಕೊಟ್ಟು ಪಡೆದು, ವಿಶ್ವವಿದ್ಯಾಲಯದ ವಿದ್ಯಾರ್ಥಿ ಬರಿಗೈಯಲ್ಲಿ ಮರಳುವಂತಾದರೆ ಅದು ದುರಂತ.

ಈ ಎರಡು ಅಪಾಯಗಳ ನಡುವೆ ದಾರಿ ಕಂಡುಕೊಂಡ ದೇಶಗಳಿವೆ. ತೈವಾನ್ 1995ರಲ್ಲಿ ರಾಷ್ಟ್ರೀಯ ಆರೋಗ್ಯ ವಿಮೆ ಆರಂಭಿಸಿ, ಅದರ ಕ್ಲೇಮುಗಳನ್ನು ಸಂಶೋಧನೆಗೆ ತೆರೆಯಿತು. ಪುಟ್ಟ ದೇಶವೊಂದರಿಂದ ಸಾವಿರಾರು ವೈದ್ಯಕೀಯ ಪ್ರಬಂಧಗಳು ಹೊರಬಂದುದರ ಹಿಂದಿನ ಗುಟ್ಟು ಇದೇ. ದಕ್ಷಿಣ ಕೊರಿಯಾ ತನ್ನ ಜನಸಂಖ್ಯೆಯ ಶೇ 2ರಷ್ಟು, ಅಂದರೆ ಸುಮಾರು 10 ಲಕ್ಷ ಜನರ ಮಾದರಿ ಕಡತವೊಂದನ್ನು ಸಿದ್ಧಪಡಿಸಿ ಸಂಶೋಧಕರಿಗೆ ಕೊಡುತ್ತಾ ಬಂದಿದೆ. ಅಮೆರಿಕದ ಮೆಡಿಕೇರ್ ದತ್ತಾಂಶ ಕೇಳುವವರಿಗೆ ನೆರವಾಗಲು ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಪ್ರತ್ಯೇಕ ಕೇಂದ್ರವೇ ಇದೆ. 11ಕ್ಕಿಂತ ಕಡಿಮೆ ಜನರಿರುವ ಯಾವ ಕೋಷ್ಟಕವನ್ನೂ ಪ್ರಕಟಿಸುವಂತಿಲ್ಲ ಎಂಬುದು ಅಲ್ಲಿನ ನಿಯಮ. ಈ ದೇಶಗಳಲ್ಲಿಯೂ ಎಲ್ಲವೂ ಸುಸೂತ್ರವಲ್ಲ. ತೈವಾನಿನ ಸಾಂವಿಧಾನಿಕ ನ್ಯಾಯಾಲಯವು 2022ರಲ್ಲಿ, ತಮ್ಮ ದಾಖಲೆ ಬೇಡವೆಂದು ಹಿಂದೆ ಸರಿಯುವ ಅವಕಾಶ ಜನರಿಗೆ ಇಲ್ಲದಿರುವುದು ತಪ್ಪು ಎಂದು ಹೇಳಿ, ಸರಿಪಡಿಸಲು ಮೂರು ವರ್ಷ ಕಾಲಾವಕಾಶ ಕೊಟ್ಟಿತು. ಇಂಗ್ಲೆಂಡಿನಲ್ಲಿ ಜನರಿಗೆ ಸರಿಯಾಗಿ ತಿಳಿಸದೆ ವೈದ್ಯರ ದಾಖಲೆಗಳನ್ನು ಒಗ್ಗೂಡಿಸಹೊರಟ ಯೋಜನೆಯೊಂದನ್ನು 2016ರಲ್ಲಿ ಕೈಬಿಡಬೇಕಾಯಿತು. ಜನರ ನಂಬಿಕೆಯಿಲ್ಲದೆ ಈ ಕೆಲಸ ನಡೆಯದು ಎಂಬುದೇ ಎರಡರ ಪಾಠ.

ಅಷ್ಟು ದೂರವೇಕೆ, ನಮ್ಮದೇ ಮನೆಯಲ್ಲಿ ಮಾದರಿಯಿದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯು ಲಕ್ಷಾಂತರ ಕುಟುಂಬಗಳ ಸಂಸಾರದ ಖರ್ಚು, ಸಾಲ, ಕಾಯಿಲೆಗಳ ವಿವರವನ್ನು ಕಲೆಹಾಕುತ್ತದೆ. ಹೆಸರು, ವಿಳಾಸ ತೆಗೆದ ಬಿಡಿ ದಾಖಲೆಗಳು ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ಸಂಶೋಧಕರಿಗೆ ಸಿಗುತ್ತಿವೆ. ಈ ದೇಶದ ಬಡತನದ ಕುರಿತಾದ ಚರ್ಚೆಯೆಲ್ಲ ನಿಂತಿರುವುದು ಅದೇ ಅಡಿಪಾಯದ ಮೇಲೆ. ಯೋಜನಾ ಆಯೋಗದ ಲೆಕ್ಕವನ್ನು ಪ್ರಶ್ನಿಸಿದವರೂ ಸಮರ್ಥಿಸಿದವರೂ ಒಂದೇ ಕಡತವನ್ನು ಮುಂದಿಟ್ಟುಕೊಂಡು ವಾದಿಸಿದರು. ಇದರಿಂದ ಸರ್ಕಾರ ಮುಳುಗಲಿಲ್ಲ. ಅದರ ಅಂಕಿಅಂಶಗಳಿಗೆ ಬೆಲೆ ಬಂದಿತು. ಸಮೀಕ್ಷೆಯ ದತ್ತಾಂಶಕ್ಕೆ ಸಲ್ಲುವ ನ್ಯಾಯ ವಿಮೆಯ ದತ್ತಾಂಶಕ್ಕೂ ಸಲ್ಲಬೇಕು.

ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಮೊದಲನೆಯದಾಗಿ, ಯಾವ ಯಾವ ಕಲಂಗಳಲ್ಲಿ ಏನು ದಾಖಲಾಗಿದೆ, ಯಾವ ಸಂಕೇತಕ್ಕೆ ಏನರ್ಥ ಎಂಬ ಕೈಪಿಡಿಯನ್ನು ಪ್ರಕಟಿಸಲಿ. ಅದರಲ್ಲಿ ಯಾವ ರೋಗಿಯ ಗುಟ್ಟೂ ಇರುವುದಿಲ್ಲ. ಎರಡನೆಯದಾಗಿ, ವಯಸ್ಸನ್ನು ಐದು ವರ್ಷಗಳ ಗುಂಪಾಗಿ, ದಿನಾಂಕವನ್ನು ತ್ರೈಮಾಸಿಕವಾಗಿ, ಊರನ್ನು ಜಿಲ್ಲೆಯಾಗಿ ಬದಲಿಸಿ, ಅಪರೂಪದ ಕಾಯಿಲೆಗಳನ್ನು ಕೈಬಿಟ್ಟು, ಒಂದು ಸಣ್ಣ ಮಾದರಿ ಕಡತವನ್ನು ನೋಂದಾಯಿತ ಸಂಶೋಧಕರಿಗೆಲ್ಲ ಒದಗಿಸಲಿ. ಮೂರನೆಯದಾಗಿ, ಹೆಚ್ಚು ವಿವರ ಬೇಕಾದವರಿಗೆ ದತ್ತಾಂಶವನ್ನು ಹೊರಗೆ ಕೊಡದೆ, ಸುರಕ್ಷಿತ ಕೊಠಡಿಯೊಂದರಲ್ಲಿ ಕುಳಿತು ಕೆಲಸ ಮಾಡುವ ವ್ಯವಸ್ಥೆಯಾಗಲಿ; ಫಲಿತಾಂಶದ ಕೋಷ್ಟಕಗಳನ್ನು ಮಾತ್ರ ತಪಾಸಣೆಯ ನಂತರ ಹೊರಗೆ ಒಯ್ಯಲಿ. ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯೋ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೋ ಇಂತಹ ಕೊಠಡಿಗೆ ಜಾಗ ಕೊಡಬಲ್ಲವು. ನಾಲ್ಕನೆಯದಾಗಿ, ಅರ್ಜಿಗಳನ್ನು ತೀರ್ಮಾನಿಸಲು ವೈದ್ಯರು, ಸಂಖ್ಯಾಶಾಸ್ತ್ರಜ್ಞರು, ಕಾನೂನು ತಜ್ಞರು ಮತ್ತು ರೋಗಿಗಳ ಪ್ರತಿನಿಧಿ ಇರುವ ಸಮಿತಿ ರಚನೆಯಾಗಲಿ. ಅರವತ್ತು ದಿನಗಳೊಳಗೆ ಕಾರಣ ಸಹಿತ ಆದೇಶ ಹೊರಡಿಸುವುದು ಕಡ್ಡಾಯವಾಗಲಿ. ನಿಯಮಾನುಸಾರ ಸದುದ್ದೇಶದಿಂದ ಅನುಮತಿ ಕೊಟ್ಟ ಅಧಿಕಾರಿಗೆ ರಕ್ಷಣೆಯೂ, ಗುರುತು ಕೆದಕಲು ಹೊರಟ ಸಂಶೋಧಕನಿಗೆ ಶಿಕ್ಷೆಯೂ ಅದೇ ಆದೇಶದಲ್ಲಿರಲಿ. ಕೊನೆಯದಾಗಿ, ಸಾಫ್ಟ್‌ವೇರ್ ಮತ್ತು ಕ್ಲೇಮು ಪರಿಶೀಲನೆಯ ಗುತ್ತಿಗೆಗಳಲ್ಲಿ ದತ್ತಾಂಶದ ಒಡೆತನ ಸರ್ಕಾರದ್ದೆಂದೂ, ಕೇಳಿದಾಗ ಹೆಚ್ಚುವರಿ ಶುಲ್ಕವಿಲ್ಲದೆ ಒದಗಿಸತಕ್ಕದ್ದೆಂದೂ ಒಂದು ಸಾಲು ಸೇರಲಿ. ಕಂಪನಿಯ ಬಳಿ ಇದೆ ಎಂಬ ಉತ್ತರಕ್ಕೆ ಆಗ ಎಡೆಯಿರದು.

ಸಂಶೋಧಕರಿಗೂ ಒಂದು ಕಿವಿಮಾತು ಹೇಳಬೇಕು. ಕ್ಲೇಮಿನ ದಾಖಲೆ ಹಣ ಪಾವತಿಗಾಗಿ ಹುಟ್ಟಿದ್ದು. ಅದು ಕಾಯಿಲೆಯ ಪೂರ್ಣ ಚರಿತ್ರೆಯಲ್ಲ. ಹೆಚ್ಚು ದರವಿರುವ ಚಿಕಿತ್ಸೆಯ ಹೆಸರನ್ನು ಆಸ್ಪತ್ರೆ ಬರೆದಿರಬಹುದು. ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತಲಾಗದೆ ಮನೆಯಲ್ಲಿ ಸತ್ತವರು ಅದರಲ್ಲಿ ಇರುವುದಿಲ್ಲ. ಆದ್ದರಿಂದ ಕ್ಷೇತ್ರ ಸಮೀಕ್ಷೆಗೆ ಇದು ಬದಲಿಯಾಗದು, ಪೂರಕವಾಗಬಲ್ಲದು. ದತ್ತಾಂಶ ಸಿಕ್ಕ ಮರುದಿನವೇ ಅವಸರದ ತೀರ್ಮಾನಗಳನ್ನು ಪತ್ರಿಕೆಗಳಿಗೆ ಕೊಟ್ಟು ಅಧಿಕಾರಿಗಳ ಅಳುಕನ್ನು ನಿಜಮಾಡಬಾರದು.

ಆಯುಷ್ಮಾನ್ ಭಾರತದ ಸೌಲಭ್ಯ 2024ರಿಂದ 70 ವರ್ಷ ದಾಟಿದ ಎಲ್ಲ ನಾಗರಿಕರಿಗೂ, ಅವರ ಆದಾಯವೆಷ್ಟೇ ಇರಲಿ, ವಿಸ್ತರಿಸಿದೆ. ಕೆಲವೇ ವರ್ಷಗಳಲ್ಲಿ ನಾನೂ ಆ ಪಟ್ಟಿ ಸೇರುತ್ತೇನೆ. ಈ ಪುಟವನ್ನು ಓದುವ ಅನೇಕರು ಈಗಾಗಲೇ ಸೇರಿರಬಹುದು. ಇದುವರೆಗೆ ಬಡವರ ದಾಖಲೆಯೆಂದು ನಾವು ತಲೆಕೆಡಿಸಿಕೊಳ್ಳದೆ ಬಿಟ್ಟದ್ದರಲ್ಲಿ ಇನ್ನು ಮುಂದೆ ನಮ್ಮ ಮಂಡಿಚಿಪ್ಪಿನ, ಹೃದಯದ, ಕಣ್ಣಿನ ಪೊರೆಯ ವಿವರಗಳೂ ಇರುತ್ತವೆ. ಅವು ಬೀದಿಗೆ ಬೀಳಬಾರದೆಂದು ಕೇಳುವಷ್ಟೇ ಹಕ್ಕಿನಿಂದ, ಅವು ಯಾರ ಉಪಯೋಗಕ್ಕೂ ಬಾರದೆ ಕೊಳೆಯಬಾರದೆಂದೂ ನಾವು ಕೇಳಬೇಕಾಗಿದೆ. ಮುಂದಿನ ಆಯವ್ಯಯದಲ್ಲಿ ಆರೋಗ್ಯ ಯೋಜನೆಗೆ ಇನ್ನಷ್ಟು ಕೋಟಿಗಳು ಮೀಸಲಾಗುವುದು ಖಚಿತ. ಆ ಹಣದ ಒಂದು ಸಣ್ಣ ಭಾಗವನ್ನು, ಉಳಿದ ಹಣ ಏನು ಮಾಡಿತು ಎಂದು ತಿಳಿಯುವುದಕ್ಕೂ ಎತ್ತಿಡುವಂತೆ ಸದನದಲ್ಲಿ ಯಾರಾದರೂ ಒಬ್ಬ ಶಾಸಕರು ಎದ್ದು ನಿಂತು ಕೇಳಲಿ.